ಕೊಚ್ಚಿಯಲ್ಲಿ ಇಳಿದವರು, ಇಳಿಯದವರು

೧. ದಾರಿ ಕೇಳಿದ್ದು

“ಇಲ್ಲಿ ಬಲಕ್ಕೆ ತಿರುಗಿ” ಎಂದಿತು ಫೋನು. ಬಲಕ್ಕೆ ತೊಗರಿ ಹೊಲವಿತ್ತು. ತಿರುಗಿದೆ. ನಾಲ್ಕು ಸಾಲು ದಾಟಿದ ಮೇಲೆ “ನೀವು ತಲುಪಿದ್ದೀರಿ” ಎಂದು ಹೇಳಿ ಸುಮ್ಮನಾಯಿತು.

ನನಗೆ ಇಂಥವು ಆಗುತ್ತಲೇ ಇರುತ್ತವೆ. ಆಶ್ಚರ್ಯಪಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ಬೀದರಿನಲ್ಲಿ ಸಣ್ಣದೊಂದು ಟ್ರಾವೆಲ್ ಆಫೀಸು ಇಟ್ಟುಕೊಂಡಿದ್ದೇನೆ. ಗಿರಾಕಿಗಳನ್ನು ಕಟ್ಟಿಕೊಂಡು ತಿರುಗುತ್ತೇನೆ, ಗಿರಾಕಿಗಳಿಲ್ಲದಾಗ ಒಬ್ಬಳೇ ತಿರುಗುತ್ತೇನೆ. ಇಸ್ತಾಂಬುಲಿನ ಗಲ್ಲಿಗಳಲ್ಲಿ ದಾರಿ ತಪ್ಪಿಲ್ಲ. ಹನೋಯ್‌ನಲ್ಲಿ ತಪ್ಪಿಲ್ಲ. ಔರಾದ ತಾಲೂಕಿನಲ್ಲಿ ತಪ್ಪುತ್ತೇನೆ.

ಅವತ್ತು ಹುಡುಕುತ್ತಿದ್ದದ್ದು ಸಂತಪುರದ ಆಚೆ ಹೊಲದ ಮನೆಯಲ್ಲಿರುವ ಒಬ್ಬ ಕಾಕುವನ್ನು; ಚಿಕ್ಕಮ್ಮನ ವಯಸ್ಸಿನವರನ್ನು ನಮ್ಮ ಕಡೆ ಹಾಗೇ ಕರೆಯುವುದು. ಹನ್ನೊಂದು ವರ್ಷದ ಹಿಂದೆ ಸೇತುವೆಯ ಮೇಲೆ ನೀರು ಹರಿದು ಬಸ್ಸು ನಿಂತಾಗ, ಗುರುತು ಪರಿಚಯ ಇಲ್ಲದ ಆ ಹೆಂಗಸು ನನ್ನನ್ನು ಎರಡು ದಿನ ಮನೆಯಲ್ಲಿಟ್ಟುಕೊಂಡು, ತನ್ನ ಸೀರೆ ಉಡಿಸಿ, ಬಿಸಿ ರೊಟ್ಟಿ ಹಾಕಿದ್ದರು. ಹೊರಡುವಾಗ “ನಿಮಗ ಏನು ಕೊಡ್ಲಿ ಕಾಕು?” ಎಂದೆ. “ಸಮುದ್ರ ತೋರಸು” ಎಂದರು. ಎರಡು ದಿನವೂ ಅವರ ಒಲೆಯ ಮುಂದೆ ಕೂತು ನಾನು ಹಡಗಿನ ಕಥೆ ಕೊರೆದದ್ದರ ಫಲ. “ಆಯ್ತು” ಎಂದೆ, ಬಸ್ಸು ಹತ್ತುವವರು ಎಲ್ಲದಕ್ಕೂ ಆಯ್ತು ಎನ್ನುವ ಹಾಗೆ.

ಕಾಕು ಮರೆಯಲಿಲ್ಲ. ಔರಾದದಿಂದ ಬರುವ ಬಸ್ಸಿನ ಕಂಡಕ್ಟರುಗಳು ಬದಲಾದರು, ಅವರ ಕೈಲಿ ಬರುವ ಸಂದೇಶ ಬದಲಾಗಲಿಲ್ಲ: “ಸಂತಪುರದ ಕಾಕು ಕೇಳ್ಯಾರ್ರಿ, ಸಮುದ್ರ ಯಾವಾಗಂತ.” ಇದನ್ನು ಅವರು ನನ್ನ ಆಫೀಸಿಗೆ ಬಂದು ಮೆಲ್ಲಗೆ ಹೇಳುತ್ತಿರಲಿಲ್ಲ, ಬಸ್ ಸ್ಟ್ಯಾಂಡಿನ ನಡುವೆ ನಿಂತು ಕೂಗುತ್ತಿದ್ದರು. ಊರಿಗೆಲ್ಲ ಟೂರು ಮಾರುವವಳು ಕೊಟ್ಟ ಮಾತಿನ ಒಂದು ಟೂರು ಮಾಡಿಸಿಲ್ಲ ಎಂಬುದು ಬೀದರಿಗೆಲ್ಲ ಗೊತ್ತಿತ್ತು. ಕಡೆಗೆ ಈ ವರ್ಷ ಹಡಗಿನ ಪುಸ್ತಿಕೆ ಹಿಡಿದು ಹೊರಟೆ, ತೊಗರಿಯ ನಡುವೆ ಬಂದು ನಿಂತೆ.

ಹೊಲದ ಅಂಚಿನಲ್ಲಿ ಕುರಿ ಬಿಟ್ಟುಕೊಂಡು, ಕೋಲಿನ ಮೇಲೆ ಗದ್ದ ಊರಿ ಒಬ್ಬ ಹಿರಿಯರು ನಿಂತಿದ್ದರು. ನನ್ನ ಕಾರು ಹೊಲಕ್ಕಿಳಿದದ್ದನ್ನು ಮೊದಲಿನಿಂದಲೂ ನೋಡಿದ್ದರು. ಕಾರಿನ ಗಾಜು ಇಳಿಸಿ, ಬೇವಿನ ಗಿಡದ ಕೆಳಗಿನ ಕಾಕು ಮನಿ ಎಲ್ಲಿ ಎಂದು ಕೇಳಿದೆ.

“ಎಲ್ಲಿಂದ ಬಂದ್ರಿ?”

“ಬೀದರದಿಂದ್ರಿ.”

“ಬೀದರದಾಗ ಯಾವ ಓಣಿ?”

ಹೇಳಿದೆ.

“ಆ ಮನಿಯಾಗ ಏನು ಕೆಲಸ?”

“ಕಾಕುಗ ಜಹಾಜದಾಗ ಕರಕೊಂಡು ಹೋಗಬೇಕ್ರಿ.”

“ಆಕಿ ಗಂಡಗ ಕೇಳೀರೇನು?”

“ಇಲ್ರಿ. ಅವರ್ನ ನಾ ನೋಡೇ ಇಲ್ಲ. ಹಿಂದ ಬಂದಾಗ ಕುರಿ ಹೊಡಕೊಂಡು ದೂರ ಹೋಗಿದ್ರು. ಜರಾ ಹಟದ ಮನುಷ್ಯ ಅಂತ ಕಾಕು ಹೇಳ್ತಿದ್ರು.”

“ಹಂಗೇನಿಲ್ಲ. ಛಲೋ ಮನುಷ್ಯ ಅದಾನ.”

“ನಿಮಗ ಪರಿಚಯ ಏನ್ರಿ?”

“ಹುಟ್ಟಿದಾಗಿಂದ.” ಕೋಲೆತ್ತಿ ಕುರಿಗಳನ್ನು ಮನೆಯ ಕಡೆ ತಿರುಗಿಸಿದರು. “ಕಾರು ಹಿಂದ ತೊಗೋರಿ. ಆ ತೊಗರಿನೂ ಅವಂದೇ.”

೨. ಮೇದ ಹಾದಿ

ಮನೆಯ ಕಟ್ಟೆಯ ಮೇಲೆ ಪುಸ್ತಿಕೆ ಬಿಡಿಸಿದೆ. ಒಂದೇ ಹಡಗು, ಎರಡು ಬಗೆ. ಮುಂಬೈಯಲ್ಲಿ ಹತ್ತುವುದು, ಮೂರು ದಿನ ಸಮುದ್ರ, ಆಮೇಲೆ ಕೊಚ್ಚಿ. ಕೊಚ್ಚಿಯಲ್ಲೇ ಇಳಿದು ರೈಲಿನಲ್ಲಿ ಊರಿಗೆ ಬಂದರೆ ಅದು ಒನ್‌ವೇ. ಇಳಿಯದೆ ಅದೇ ಹಡಗಿನಲ್ಲಿ ಮುಂಬೈಗೆ ವಾಪಸ್ ಬಂದರೆ ಅದು ರೌಂಡ್ ಟ್ರಿಪ್. ಒನ್‌ವೇ ಆದರೆ ಹೊಸ ನೆಲ ಕಾಣುತ್ತದೆ, ಬರುವ ತಾಪತ್ರಯ ನಮ್ಮದು. ರೌಂಡ್ ಟ್ರಿಪ್ ಆದರೆ ಪೆಟ್ಟಿಗೆ ಒಂದೇ ಸಲ ಬಿಚ್ಚಬಹುದು. ವರ್ಷಾನುಗಟ್ಟಲೆ ಹೇಳಿ ಹೇಳಿ ಈ ಮಾತುಗಳನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಶುಕ್ರವಾರದೊಳಗೆ ಇಬ್ಬರೂ ಒಂದು ಮಾತಿಗೆ ಬರಬೇಕು, ಇಲ್ಲವಾದರೆ ಕೋಣೆ ಕೈತಪ್ಪುತ್ತದೆ, ಸಮುದ್ರ ಮುಂದಿನ ವರ್ಷಕ್ಕೆ ಹೋಗುತ್ತದೆ ಎಂದೂ ಹೇಳಿದೆ.

ಕಾಕಾ, ಅಂದರೆ ಹೊಲದ ಅಂಚಿನಲ್ಲಿ ಸಿಕ್ಕ ಆ ಹಿರಿಯರೇ, ಗಂಟಲು ಸರಿ ಮಾಡಿಕೊಂಡರು. “ಹೋಗೋದು ಖರೆ. ಹೊಳ್ಳಿ ಅದೇ ನೀರಿನ್ಯಾಗ ಬರೋದು ಯಾಕ?”

“ಯಾಕಂದ್ರ?”

“ಕುರಿ ಹೊಡಕೊಂಡು ಗೋದಾವರಿ ಕಡಿ ಹೋಗ್ತೇವಿ. ಬರುವಾಗ ಬ್ಯಾರೆ ಹಾದಿ ಹಿಡೀತೇವಿ. ಹೋದ ಹಾದಿ ಮೇದು ಖಾಲಿ ಆಗಿರ್ತದ.”

“ಸಮುದ್ರ ಮೇದ್ರ ಖಾಲಿ ಆಗಂಗಿಲ್ರಿ, ಕಾಕಾ.”

“ಕಣ್ಣಿಗಿ ಆಗ್ತದ.”

ಒನ್‌ವೇ ಪ್ರಯಾಣದ ಪರವಾಗಿ ಇದಕ್ಕಿಂತ ಒಳ್ಳೆಯ ವಾದವನ್ನು ನಾನು ಯಾವ ಪುಸ್ತಿಕೆಯಲ್ಲೂ ಓದಿಲ್ಲ. ಅಷ್ಟು ಹೊತ್ತೂ ಶೇಂಗಾ ಸುಲಿಯುತ್ತಿದ್ದ ಕಾಕುವಿನ ಕಡೆ ತಿರುಗಿ, “ನೀವು ಏನಂತೀರಿ?” ಎಂದೆ.

“ಹೋಗಿ ಬರೋದೇ ಬೇಕು,” ಎಂದರು ಕಾಕು. “ನಲ್ವತ್ತು ವರ್ಷದ ಹಿಂದ ತವರುಮನಿ ಹಲಬರ್ಗಾದಿಂದ ಈ ಮನಿಗಿ ಒನ್‌ವೇ ಬಂದೀನಿ. ಒಂದು ಜನ್ಮಕ್ಕ ಅಷ್ಟು ಸಾಕು.”

೩. ಭಾಲ್ಕಿಯ ಬೀಗರು

ಬುಧವಾರ ಸಂಜೆಯಾದರೂ ಇಬ್ಬರೂ ಕದಲಲಿಲ್ಲ. ಕಾಕಾ ಹೋದರೆ ಒನ್‌ವೇ ಎಂದರು, ಇಲ್ಲವಾದರೆ ಹೋಗುವುದೇ ಇಲ್ಲ ಎಂದರು. ಅವರಿಲ್ಲದೆ ಕಾಕು ಹೊರಡುವ ಹಾಗಿರಲಿಲ್ಲ. ಗುರುವಾರ ಬೆಳಿಗ್ಗೆ ಕಾಕು ನನಗೆ ಫೋನು ಮಾಡಿದರು.

“ಭಾಲ್ಕಿಗಿ ಹೋಗಿ ಮಗಳಿಗಿ ನೋಡ್ಕೊಂಡು ಬರಾಣು. ನಿನ್ನ ಕಾರು ತೊಗೊಂಡು ಬಾ. ಆ ಪುಸ್ತಕಾನೂ ತಾ.”

ಮಗಳನ್ನು ಕೊಟ್ಟದ್ದು ಭಾಲ್ಕಿಯ ಬಟ್ಟೆ ಅಂಗಡಿಯವರ ಮನೆಗೆ. ಮಗಳ ಮಾವ, ಅಂದರೆ ಬೀಗರು, ಅಂಗಡಿಯ ಗಾದಿಯ ಮೇಲೆ ಕೂತು ನನ್ನ ಪುಸ್ತಿಕೆಯನ್ನು ಸೀರೆ ನೋಡುವ ಹಾಗೆ ಬೆಳಕಿಗೆ ಹಿಡಿದು, ಹಿಂದೆ ಮುಂದೆ ಮಾಡಿ ನೋಡಿದರು.

“ಹೋಗಲಿಕ್ಕೆ ಎಷ್ಟು?”

ಹೇಳಿದೆ.

“ಹೋಗಿ ಬರಲಿಕ್ಕೆ?”

ಅದನ್ನೂ ಹೇಳಿದೆ. ಕೊಚ್ಚಿಯಿಂದ ರೈಲಿನ ಖರ್ಚು ಹಿಡಿದರೆ, ಹೋಗುವುದಕ್ಕಿಂತ ಹೋಗಿ ಬರುವುದೇ ಸಸ್ತಾ ಬೀಳುತ್ತಿತ್ತು. ಬೀಗರು ಕನ್ನಡಕ ತೆಗೆದರು. ಇಡೀ ಆಯುಷ್ಯ ವ್ಯಾಪಾರ ಮಾಡಿದವರಿಗೆ ಇದು ಸಣ್ಣ ಮಾತಾಗಿರಲಿಲ್ಲ.

“ಅಂದ್ರ, ಜಾಸ್ತಿ ದೂರ ಹೋದಷ್ಟೂ ಕಮ್ಮಿ ಬೀಳ್ತದ?”

“ಒಂದು ರೀತಿಲಿ ಹೌದ್ರಿ.”

“ಹೋಗದೇ ಬರೀ ವಾಪಸ್ ಬಂದ್ರ ಎಷ್ಟು?”

ಹಾಗೆ ಬರುವುದಿಲ್ಲ ಎಂದೆ. “ಕೇಳಿ ನೋಡ್ರಿ, ಮಾಲಕರ ಕೂಡ ಮಾತಾಡ್ರಿ” ಎಂದರು. ಮಾಲಕರು ಬೇರೆ ದೇಶದಲ್ಲಿದ್ದಾರೆ ಎಂದೆ. “ಅದಕ್ಕೇ ಧಂದೆ ಹಿಂಗ ನಡದದ” ಎಂದು ಬೇಸರಪಟ್ಟು, ಕಾಕಾನ ಕಡೆ ತಿರುಗಿದರು. “ಬೀಗರ, ವಿಚಾರ ಮಾಡೋದೇನದ? ಹೋಗಿ ಬರೋದೇ ಬರೋಬರ್. ಏನಂತೀರಿ?”

ಕಾಕಾ ಬಾಯಿ ತೆರೆದರು. ಮಗಳನ್ನು ಕೊಟ್ಟ ಮನೆಯಲ್ಲಿ, ಬೀಗರ ಗಾದಿಯ ಮೇಲೆ ಕೂತು, ಅವರ ಚಹಾ ಕೈಯಲ್ಲಿ ಹಿಡಿದು ‘ಇಲ್ಲ’ ಎಂದವರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಕಾಕಾ ತೆರೆದ ಬಾಯಿಗೆ ಚಹಾ ಹಾಕಿಕೊಂಡರು.

“ನೀವು ಅಂದಂಗ್ರಿ,” ಎಂದರು.

ವಾಪಸ್ ಬರುವಾಗ ಕಾಕಾ ಮುಂದಿನ ಸೀಟಿನಲ್ಲಿ ಕೂತು ಹೊರಗೆ ನೋಡುತ್ತಿದ್ದರು. ಹಿಂದಿನ ಸೀಟಿನಿಂದ ಕಾಕು ಶಾಂತವಾಗಿ ಹೇಳಿದರು: “ಮಗಳಿಗಿ ಈ ಮನಿಗಿ ಕೊಟ್ಟದ್ದು ಇವತ್ತು ಸಾರ್ಥಕ ಆತು ನೋಡು.”

೪. ಜೋಡಿ ಲೆಕ್ಕ

ಹಡಗು ಹತ್ತಿದ ದಿನವೇ ಎಲ್ಲರಿಗೂ ಒಂದು ಕವಾಯತು ಇರುತ್ತದೆ. ಗಂಟೆ ಬಾರಿಸಿ, ಪ್ರಯಾಣಿಕರನ್ನು ಗುಂಪು ಗುಂಪಾಗಿ ನಿಲ್ಲಿಸಿ, ಅಪಾಯ ಬಂದರೆ ಎಲ್ಲಿ ಸೇರಬೇಕು ಎಂದು ತೋರಿಸಿ ತಲೆ ಎಣಿಸುತ್ತಾರೆ. ಮಿಕ್ಕವರೆಲ್ಲ ಆಕಳಿಸುತ್ತ ಫೋಟೋ ತೆಗೆದುಕೊಳ್ಳುತ್ತಿದ್ದರು. ಕಾಕಾ ಮಾತ್ರ ಮೊದಲ ಸಲ ಹಡಗನ್ನು ಗೌರವದಿಂದ ನೋಡಿದರು.

“ಇದು ನೋಡು ಕೆಲಸ,” ಎಂದರು. “ಆದ್ರ ಒಂದೇ ಸಲ ಎಣಿಸ್ಯಾರ. ದಿನಾ ಎಣಸಬೇಕು.”

ಅವತ್ತಿನಿಂದ ಹಡಗಿನ ಕೊರತೆಯನ್ನು ತಾವೇ ತುಂಬಿದರು. ನಮ್ಮ ಊಟದ ಹಾಲಿಗೆ ಹೊತ್ತುಹೊತ್ತಿಗೆ ಬರುವವರು ದಿನವೂ ಅದೇ ಜನ, ಜಾಗವೂ ಗೊತ್ತುಮಾಡಿದ್ದು. ಕಾಕಾ ಕೋಲು ಹಿಡಿದು ಬಾಗಿಲ ಬಳಿ ನಿಂತು, ನಮ್ಮ ಮೂವರನ್ನೂ ಸೇರಿಸಿ ಎರಡೆರಡಾಗಿ ಎಣಿಸಿ, ಆಮೇಲೆ ನಮ್ಮ ಜೊತೆ ಬಂದು ಕೂರುತ್ತಿದ್ದರು.

“ಎಪ್ಪತ್ತೆರಡು ಜೋಡಿ, ಒಂದು ಒಂಟಿ. ಬರೋಬರ್.”

ಒಂಟಿ ನಾನು.

ಕಾಕು ಹೊತ್ತೆಲ್ಲ ಮೇಲಿನ ಕಟಾಂಜನ ಹಿಡಿದು ನಿಂತಿರುತ್ತಿದ್ದರು. “ಹ್ಯಾಂಗದ ಸಮುದ್ರ?” ಎಂದು ಕೇಳಿದರೆ “ದೂರ ಅದ” ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಹನ್ನೊಂದು ವರ್ಷ ಕಾಯಿಸಿ ಕರೆತಂದವಳಿಗೆ ಇದು ಒಳ್ಳೆಯ ಪ್ರಮಾಣಪತ್ರ ಅಂತ ನನಗೆ ಅನ್ನಿಸಲಿಲ್ಲ.

ಕೊಚ್ಚಿಯಲ್ಲಿ ಹಡಗು ಬೆಳಗಿನಿಂದ ಸಂಜೆವರೆಗೆ ನಿಂತಿತ್ತು. ಒನ್‌ವೇಯವರು ಪೆಟ್ಟಿಗೆ ಎಳೆದುಕೊಂಡು ಇಳಿದುಹೋದರು. ಮಿಕ್ಕವರು ಊರು ತಿರುಗಿ ನಾಲ್ಕಕ್ಕೆ ವಾಪಸಾಗಬೇಕು, ಐದಕ್ಕೆ ಹಡಗು ಬಿಡುತ್ತದೆ. ನಾಲ್ಕೂವರೆಗೆ ಊಟದ ಹಾಲಿನಲ್ಲಿ ಚಹಾ. ನಾನು ಬಾಗಿಲ ಬಳಿ ಕಾಕಾನ ಜೊತೆ ನಿಂತಿದ್ದೆ. ಎಣಿಸಿ ಮುಗಿಸಿದ ಕಾಕಾ ಎದುರು ಬಂದ ಹಡಗಿನ ಅಧಿಕಾರಿಯನ್ನು ಕೋಲು ಅಡ್ಡ ಹಿಡಿದು ನಿಲ್ಲಿಸಿದರು. ನಮ್ಮ ಕಡೆಯ ದಖನಿ ಉರ್ದುವನ್ನು ಆತ ತನ್ನ ಹಿಂದಿಯಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದ.

“ಮಂದಿ ಕಮ್ಮಿ ಅದಾರ. ಹಡಗ ಬಿಡಬ್ಯಾಡ್ರಿ.”

ಅಧಿಕಾರಿ ನಕ್ಕು, ಈ ಹಾಲಿನ ಮೂವತ್ತು ಜನ ಒನ್‌ವೇಯವರು, ಅವರ ಪ್ರಯಾಣ ಇಲ್ಲಿಗೇ ಮುಗಿಯಿತು ಎಂದ.

“ಅದು ನಂಗೂ ಗೊತ್ತದ. ಮೂವತ್ತು ಹೋದ್ರ ಐವತ್ತೇಳು ಜೋಡಿ, ಒಂದು ಒಂಟಿ ಇರಬೇಕು. ಐವತ್ತೇಳು ಜೋಡಿ ಬರೋಬರ್ ಅದಾರ. ಒಂಟಿ ಇಲ್ಲ.”

“ಒಂಟಿ ನಾನೇ ಅಲ್ಲೇನ್ರಿ, ಕಾಕಾ,” ಎಂದೆ. “ಇಲ್ಲೇ ನಿಂತೀನಿ.”

“ಅದೇ ಮತ್ತ. ನಿನಗ ಯಾರದೋ ಜೋಡಿ ಆಗ್ಯದ.”

ಅಧಿಕಾರಿ ನನ್ನ ಅಕ್ಕಪಕ್ಕ ನೋಡಿದ. ನಾನೂ ನೋಡಿದೆ. ನನ್ನ ಪಕ್ಕ ಇದ್ದವರು ಕಾಕಾ ಒಬ್ಬರೇ.

೫. ತೀರಿದ್ದು

ಕಾಕು ಹಡಗಿನ ಏಣಿಯ ಕೆಳಗೆ, ದಕ್ಕೆಯ ಕಲ್ಲುಬೆಂಚಿನ ಮೇಲೆ ಕೂತಿದ್ದರು.

“ಹಡಗ ಇನ್ನ ಅರ್ಧ ತಾಸಿಗಿ ಹೋಗ್ತದ್ರಿ, ಕಾಕು!”

“ಹೋಗ್ಲಿ. ಅದಕ್ಕ ಬ್ಯಾರೆ ಕೆಲಸ ಏನದ.”

“ನೀವು ಬರಂಗಿಲ್ಲೇನ್ರಿ?”

“ಮೂರು ದಿನ ಕೆಳಗ ಹಾಸಿದ ಗಾಲೀಚ ನೋಡ್ದೆ, ಲಿಫ್ಟ್ ನೋಡ್ದೆ, ಮಂದಿ ಉಣ್ಣೋದು ನೋಡ್ದೆ. ಸಮುದ್ರ ಒಂಬತ್ತು ಅಂತಸ್ತು ಕೆಳಗದ. ನೀ ಹೇಳಿದ್ದು ಹಡಗಲ್ಲ, ಸಮುದ್ರ. ಕಾಲಿಗಿ ಹತ್ತೋ ಜಾಗ ಎಲ್ಲದ, ಅಲ್ಲಿ ಕರಕೊಂಡು ನಡಿ.”

“ಹೋಗಿ ಬರೋದೇ ಬೇಕು ಅಂದವ್ರು ನೀವೇ ಅಲ್ಲೇನ್ರಿ?”

“ಅಂದೆ. ಗೆದ್ದೆ. ಆತಲ್ಲ.”

ಇಷ್ಟು ವರ್ಷದಲ್ಲಿ ನಾನು ಯಾವ ಹಡಗನ್ನೂ ತಪ್ಪಿಸಿಕೊಂಡವಳಲ್ಲ. ತಪ್ಪಿಸಿಕೊಂಡ ಗಿರಾಕಿಗಳನ್ನು ಬೈದು ಹೆಸರು ಮಾಡಿದವಳು. ಬೆಂಚಿನ ಮೇಲೆ ಅವರ ಪಕ್ಕ ಒಂದು ನಿಮಿಷ ಕೂತೆ. ಆಮೇಲೆ ಎದ್ದು ಹೋಗಿ, ನಮ್ಮ ಪ್ರಯಾಣ ಇಲ್ಲಿಗೇ ಮುಗಿಯಿತು ಎಂದು ಬರೆದ ಕಾಗದಗಳಿಗೆ ಸಹಿ ಹಾಕಿ, ಪೆಟ್ಟಿಗೆ ಇಳಿಸಿ, ಕಾಕಾನನ್ನು ಕರೆದೆ. “ಇಳೀರಿ ಕಾಕಾ. ನೀವು ಕೇಳಿದ ಒನ್‌ವೇ ಸಿಕ್ತು.”

ಕಾಕಾ ಏಣಿಯ ಮೇಲಿನ ತುದಿಯಿಂದ ಕದಲಲಿಲ್ಲ.

“ನಾ ಇಳದ್ರ ಇವರ್ನೆಲ್ಲ ಮುಂಬೈಗಿ ಮುಟ್ಟಸೋರು ಯಾರು?”

ಗಂಡ ಹೆಂಡತಿ ಮೇಲೆ ಒಬ್ಬರು, ಕೆಳಗೆ ಒಬ್ಬರು ನಿಂತು ಒಬ್ಬರನ್ನೊಬ್ಬರು ನೋಡಿದರು. “ಟೈಮಿಗಿ ಉಣ್ರಿ” ಎಂದರು ಕಾಕು. “ನೀನೂ” ಎಂದರು ಕಾಕಾ. ಏಣಿ ಎತ್ತಿದರು.

ಆಟೋ ಹಿಡಿದು ಮರಳದಂಡೆಗೆ ಹೋದೆವು. ಕಾಕು ಚಪ್ಪಲಿ ಬಿಟ್ಟು ನನ್ನ ಕೈಗೆ ಕೊಟ್ಟು, ಸೀರೆಯ ಕಚ್ಚೆ ಬಿಗಿದು, ನೀರಿನ ಕಡೆ ನಾಲ್ಕು ಹೆಜ್ಜೆ ಇಟ್ಟದ್ದೇ ನನ್ನ ಫೋನು ಬಡಿದುಕೊಂಡಿತು. ಕಾಕಾ. ಹಡಗು ಇನ್ನೂ ದಡದ ಸಿಗ್ನಲ್ಲಿನೊಳಗಿತ್ತು.

“ಇಲ್ಲಿ ಗಡಬಡ ಆಗ್ಯದ. ರಾತ್ರಿ ಊಟಕ್ಕ ಜಾಗ ಹಿಡೀಲಿಕ್ಕೆ ಬಂದಾರ. ಎಂಟು ಜೋಡಿ ಜಾಸ್ತಿ ಅದಾರ.”

“ಅವರು ಕೊಚ್ಚಿಯಾಗ ಹತ್ತಿದವ್ರು, ಕಾಕಾ. ಇಲ್ಲಿಂದ ಮುಂಬೈಗಿ ಒನ್‌ವೇ ಹೊಂಟಾರ.”

“ಅವರ ಸಂಗಾಟ ಯಾರದಾರ?”

“ಯಾರೂ ಇಲ್ರಿ.”

ಕಾಕಾ ಮತ್ತೊಮ್ಮೆ ಎಣಿಸಿದ್ದು ಫೋನಿನಲ್ಲಿ ಕೇಳಿಸಿತು.

“ಪಾಪ,” ಎಂದರು. “ಇರ್ಲಿ ಬಿಡು. ನಮ್ಮವರ ಕೂಡ ನಡೀಲಿ.”

ಫೋನಿಟ್ಟು ತಿರುಗಿದಾಗ ಕಾಕು ಮೊಣಕಾಲಿನ ತನಕ ನೀರಿನಲ್ಲಿದ್ದರು. ಒಂದು ತೆರೆ ಬಂದು ಸೀರೆಯ ಅಂಚು ನೆನೆಸಿ ಹೋಯಿತು. ಇನ್ನೊಂದು ಬಂತು. ಅವರು ಕೂಗಲಿಲ್ಲ, ನಗಲಿಲ್ಲ, ಫೋಟೋ ತೆಗೆ ಎನ್ನಲಿಲ್ಲ. ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೊತ್ತಿಕೊಂಡು, ಮತ್ತೆ ಅದನ್ನು ಅಲ್ಲಿಗೇ ಬಿಟ್ಟರು. ನಾನು ಹತ್ತಿರ ಹೋದೆ.

“ನನ್ನ ಮಾತು ತೀರಿತೇನ್ರಿ, ಕಾಕು?”

“ತಡಿ. ಇನ್ನೂ ನಡದದ.”

ಚಪ್ಪಲಿ ಹಿಡಿದುಕೊಂಡು ನಿಂತೆ. ಕಡಲೆ ಮಾರುವವನು ಎರಡು ಸಲ ಬಂದು ಹೋದ. ಮೂರನೆಯ ಸಲ, ಚಪ್ಪಲಿ ಎಷ್ಟಕ್ಕೆ ಎಂದು ನನ್ನನ್ನೇ ಕೇಳಿದ. ಸೂರ್ಯ ಪೂರ್ತಿ ಮುಳುಗಿದ ಮೇಲೆ ಕಾಕು ಹೊಳ್ಳಿ ಬಂದು, ಒದ್ದೆ ಕಾಲಿಗೆ ಹತ್ತಿದ ಮರಳನ್ನು ಕೊಡವಿ ನೋಡಿ, ಕೈ ಚಾಚಿದರು.

“ತೀರಿತು. ಚಪ್ಪಲಿ ಕೊಡು.”

ಕೊಟ್ಟೆ.