ಹದಿನೇಳು ಮೀಟರ್ ಉತ್ತರಕ್ಕೆ

ಗ್ರೀನ್‌ಲ್ಯಾಂಡಿನ ಅವನ್ನಾರ್ಲೆಕ್ ಎಂಬ ನಲವತ್ತೊಂದು ಜನರ ಊರು, ಲೋಕದ ಅತ್ಯಂತ ಉತ್ತರದ ಊರೆಂಬ ಸ್ಥಾನವನ್ನು ಮಾರ್ಚ್ ತಿಂಗಳಲ್ಲಿ ಹದಿನೇಳು ಮೀಟರ್ ಅಂತರದಿಂದ ಕಳೆದುಕೊಂಡಿತು. ನೆರೆಯೂರಿನ ಕುಲುತಾನ ಎಂಬ ಮುದುಕ ಹೆಂಡತಿಯೊಡನೆ ಜಗಳವಾಡಿ ಊರಾಚೆಯ ಮೀನಿನ ಕೊಟ್ಟಿಗೆಯಲ್ಲಿ ಮಲಗತೊಡಗಿದ್ದೇ ಕಾರಣ. ನಿಯಮದ ಪ್ರಕಾರ ಕೊನೆಯ ಮನುಷ್ಯ ಮಲಗುವ ಜಾಗವೇ ಊರಿನ ಗಡಿ. ಅತ್ಯಂತ ಉತ್ತರದ ಊರಿಗೆ ಮಾತ್ರ ತಿಂಗಳಿಗೊಮ್ಮೆ ಹೆಲಿಕಾಪ್ಟರ್.

ಅವನ್ನಾರ್ಲೆಕ್‌ನ ಉತ್ತರದ ಕೊನೆಯ ಮನೆ ಆತಂಗಾನಳದು. ಸೀಲ್ ಚರ್ಮದ ಬೂಟು ಹೊಲಿಯುವ ವಿಧವೆ. ಮಗಳು ನಿವಿ ಏಳು ತಿಂಗಳ ಬಸುರಿ. ಊರ ಕಚೇರಿಯ ಮುಖ್ಯಸ್ಥ ಮಸೌನ ಅಳತೆಪಟ್ಟಿ ಹಿಡಿದು ಬಂದ.

“ಚಿಕ್ಕಮ್ಮ, ನೀವು ಸ್ವಲ್ಪ ಉತ್ತರಕ್ಕೆ ಮಲಗ್ಬೇಕು.”

“ತಲೆ ಆ ಕಡೆ ಹಾಕ್ಲಾ?”

“ತಲೆ ಲೆಕ್ಕಕ್ಕಿಲ್ಲ. ಇಡೀ ದೇಹ ಬೇಕು. ಹದಿನೆಂಟು ಮೀಟರ್.”

“ಹಿಮದ ಮೇಲೆ ಮಲಗೋಕೆ ನಾನೇನು ನಿನ್ನ ನಾಯೀನಾ?”

“ನಾಯಿ ಮಲಗಿದ್ರೆ ಸಾಕಾ ಅಂತ ಕೇಳಿ ನೋಡ್ದೆ. ಜಿಲ್ಲಾ ಕಚೇರಿಯೋರು ಒಪ್ಪಲಿಲ್ಲ. ನಿವೀನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಹೆಲಿಕಾಪ್ಟರ್ ಬೇಕು ತಾನೆ?”

ನಿವಿಯ ಮೊದಲ ಮಗು ಉಳಿದಿರಲಿಲ್ಲ. ಆತಂಗಾನ ಡೇರೆ ಹೊತ್ತು ನಡೆದಳು.

ಮರುವಾರ ನೆರೆಯೂರಿನ ಕಚೇರಿ ಕುಲುತಾನನಿಗೂ ಡೇರೆ ಕೊಟ್ಟು ಮುಂದಕ್ಕೆ ಕಳಿಸಿತು. ಅವಳು ಅವನನ್ನು ದಾಟಿದಳು, ಅವನು ಅವಳನ್ನು. ಮೀಟರುಗಳು ಹೋಗಿ ಕಿಲೋಮೀಟರುಗಳಾದವು. ಎರಡೂ ಕಚೇರಿಗಳು ‘ನಿವಾಸಿಗಳ ಸ್ವಯಂಪ್ರೇರಿತ ಮುನ್ನಡೆ’ ಎಂದು ವರದಿ ಬರೆದವು. ಮೇ ಹೊತ್ತಿಗೆ ನೆಲವೇ ಮುಗಿದು, ಭೂಶಿರದ ತುದಿಯಲ್ಲಿ ಎರಡು ಡೇರೆಗಳೂ ಅಕ್ಕಪಕ್ಕ ನಿಂತವು.

“ಬನ್ನಿ ಅಕ್ಕ, ಕಾಫಿ ಇದೆ,” ಎಂದ ಕುಲುತಾನ. “ಹೆಂಡ್ತಿ ಜತೆ ರಾಜಿಯಾಗಿ ಆರು ವಾರ ಆಯ್ತು. ಮನೆಗೆ ಹೋಗೋಕೆ ಕಚೇರಿಯೋರು ಬಿಡ್ತಿಲ್ಲ.”

ಆಗ ಜಿಲ್ಲಾ ಕಚೇರಿಯ ಪ್ರಕಟಣೆ ಹೊರಟಿತು: ‘ಎರಡು ಡೇರೆ ಹಾಗೂ ಒಂದು ಒಲೆ ಕಂಡುಬಂದಿರುವುದರಿಂದ ಸದರಿ ಸ್ಥಳವನ್ನು ಪ್ರತ್ಯೇಕ ಊರೆಂದು ಘೋಷಿಸಲಾಗಿದೆ. ಹೆಲಿಕಾಪ್ಟರ್ ಇನ್ನು ಆ ಊರಿನದು. ಖಾಯಂ ನಿವಾಸಿಗಳಲ್ಲದವರು ಹತ್ತತಕ್ಕದ್ದಲ್ಲ. ಖಾಯಮಾತಿಗೆ ಮೂರು ದಿನಗಳ ವಾಸ ಕಡ್ಡಾಯ.’

ಮಸೌನನೇ ತುಂಬುಬಸುರಿ ನಿವಿಯನ್ನು ನಾಯಿಬಂಡಿಯಲ್ಲಿ ಮಲಗಿಸಿ ತಂದುಬಿಟ್ಟ. ಎರಡನೆಯ ದಿನವೇ ನೋವು ಶುರುವಾಯಿತು. ಕುಲುತಾನ ಹೊರಗೆ ಹಿಮ ಕರಗಿಸಿ ಕರಗಿಸಿ ಬಿಸಿನೀರು ಕೊಟ್ಟ. ಆತಂಗಾನ ಬೂಟು ಹೊಲಿಯುವ ದಾರದಲ್ಲೇ ಹೊಕ್ಕುಳಬಳ್ಳಿ ಕಟ್ಟಿದಳು. ಹೆಣ್ಣುಮಗು ಅತ್ತ ಮೇಲಷ್ಟೇ ಅವಳು ದಾರದ ಉಂಡೆ ಕೆಳಗಿಟ್ಟಳು.

ನಾಲ್ಕನೆಯ ದಿನ ಹೆಲಿಕಾಪ್ಟರ್ ಇಳಿಯಿತು. ಜಿಲ್ಲಾಧಿಕಾರಿ ಪ್ರಶಸ್ತಿಪತ್ರ ಹಿಡಿದು ಬಂದರು.

“ಎರಡು ಇದ್ದ ಜನಸಂಖ್ಯೆ ನಾಲ್ಕು! ಒಂದೇ ವಾರದಲ್ಲಿ ದುಪ್ಪಟ್ಟು!”

“ದಾದಿ ಎಲ್ಲಿ ಸ್ವಾಮಿ?” ಎಂದಳು ಆತಂಗಾನ.

“ಧ್ವಜದ ಕಂಬ ಉದ್ದ ಇತ್ತಮ್ಮ. ಅವಳಿಗೆ ಜಾಗ ಸಾಲಲಿಲ್ಲ.”

ಕಂಬ ನಿಜಕ್ಕೂ ಉದ್ದವಿದ್ದುದನ್ನು ಎಲ್ಲರೂ ಒಪ್ಪಿಕೊಂಡರು. ಹೆಲಿಕಾಪ್ಟರ್ ನೋಡಲು ಬಂದಿದ್ದ ಮಸೌನ ಅಳೆದು ನೋಡಲಾಗಿ, ಲೋಕದ ಅತ್ಯಂತ ಉತ್ತರದಲ್ಲಿ ಮಲಗಿರುವ ವ್ಯಕ್ತಿ ಆ ಮಗುವೇ ಎಂದು ತಿಳಿದುಬಂತು. ಆದಕಾರಣ ಮಗುವನ್ನು ಎತ್ತಿಕೊಳ್ಳುವ ಮುನ್ನ ಕಚೇರಿಗೆ ತಿಳಿಸಬೇಕೆಂದು ತಾಯಿಗೆ ನಯವಾಗಿ ಹೇಳಲಾಯಿತು.

ನಿವಿ ತಿಳಿಸಿ, ಎತ್ತಿಕೊಂಡು, ಹಾಲು ಕುಡಿಸಿದಳು.