ಬೀಗ ಹಾಕುವವನ ಪ್ರೊಬೇಷನ್

ಸರ್ವರ್ ಕೆಡುವುದು ಅಪರೂಪ. ಸರ್ವರ್ ಇಟ್ಟುಕೊಂಡವರು ನನ್ನ ತಲೆ ಕೆಡಿಸದ ದಿನವೇ ಇಲ್ಲ. ವೆಬ್‌ಸೈಟುಗಳಿಗೆ ಸೆಕ್ಯೂರಿಟಿ ಸರ್ಟಿಫಿಕೇಟ್ ಹಾಕುವುದು ನನ್ನ ಕಸುಬು. 'ಇದು ಅಸಲಿ ಸೈಟು, ನಡುವೆ ಯಾರೂ ಕದ್ದು ಓದಲಾರರು' ಎಂದು ಬ್ರೌಸರ್‌ಗೆ ಖಾತ್ರಿ ಕೊಟ್ಟು, ವಿಳಾಸದ ಪಕ್ಕ ಬೀಗದ ಗುರುತು ಮೂಡಿಸುವ ಫೈಲು ಅದು. ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ಬಂದು ಋಷಿಕೊಂಡದ ಕಂಪನಿ ಸೇರಿದ ದಿನವೇ ಯಜಮಾನರು ಹೇಳಿಬಿಟ್ಟರು: "ಆರು ತಿಂಗಳು ಪ್ರೊಬೇಷನ್. ಒಂದೇ ಒಂದು ಸೈಟಿನಲ್ಲಿ ಕೆಂಪು ಎಚ್ಚರಿಕೆ ಬಂದರೂ ನೀವು ಊರಿನ ರೈಲು ಹತ್ತಬಹುದಂಡಿ." ಅವರ ತಾಯಿ ಬಳ್ಳಾರಿಯವರು. ಕನ್ನಡ ಸ್ವಚ್ಛ, ಬಾಲಕ್ಕೊಂದು ತೆಲುಗಿನ 'ಅಂಡಿ' ಅಷ್ಟೇ. ನಾನು ಹೆದರಲಿಲ್ಲ. ಕೆಲಸ ನನಗೆ ಬರುತ್ತಿತ್ತು.

ಲಂಡನ್ನಿನ ಗಂಟೆ

ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಗೆ ಒಂದು ಸೋಮವಾರ ಮಧ್ಯಾಹ್ನ ಸರ್ಟಿಫಿಕೇಟ್ ಹಾಕಿ ಪರದೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಅದು ಎಷ್ಟು ಗಂಟೆಯಿಂದ ಜಾರಿ ಎಂದು ಓದಿ, ಗೋಡೆಯ ಪಂಚಾಂಗ ನೋಡಿದರು.

"ಬೆಳಿಗ್ಗೆ ಎಂಟು ಅಂತಿದೆ! ಶುದ್ಧ ರಾಹುಕಾಲ. ಬೇರೆ ತೆಗೆಸಿ."

"ಅದು ಲಂಡನ್ನಿನ ಗಂಟೆ ಸರ್. ಐದೂವರೆ ಗಂಟೆ ಕೂಡಿಸಿ."

ಬೆರಳೆಣಿಸಿದರು. "ಒಂದೂವರೆ. ಬಾಗುಂದಿ!" ಮುಖ ಅರಳಿ ಮತ್ತೆ ಬಾಡಿತು. "ಆದರೆ ಲಂಡನ್ನಿನವರು ನಮ್ಮ ಸೈಟು ತೆರೆದರೆ?"

"ಅವರು ಬೆಲ್ಲ ತಿನ್ನುವುದಿಲ್ಲ ಸರ್" ಎಂದೆ.

ಗುಟ್ಟಿನ ಕೀಲಿ

ಸರ್ಟಿಫಿಕೇಟಿನ ಜೊತೆಗೆ ಗುಟ್ಟಿನ ಕೀಲಿ ಎಂಬ ಇನ್ನೊಂದು ಫೈಲು ಇರುತ್ತದೆ. "ಯಾರಿಗೂ ತೋರಿಸಬೇಡಿ ಅಮ್ಮಾ, ಭದ್ರವಾಗಿಡಿ" ಎಂದು ಮಂಗಳಗಿರಿಯ ಸೀರೆ ಅಂಗಡಿಯ ಒಡತಿಗೆ ಹೇಳಿದ್ದೆ. ಅವರ ಸರ್ವರ್ ಕೆಟ್ಟು ಹೊಸದು ಬಂದಾಗ ಆ ಫೈಲು ಕೇಳಿದೆ. ಆಕೆ ಬೀರುವಿನ ಬೀಗ ತೆಗೆದು, ರೇಷ್ಮೆ ಸೀರೆಯ ಮಡಿಕೆಯೊಳಗಿಂದ ಒಂದು ಕಾಗದ ತೆಗೆದುಕೊಟ್ಟರು. ಅಕ್ಷರ, ಅಂಕಿ ಕಲಸಿದ ಸಾಲು ಸಾಲು. ನಾಲ್ಕೂ ಮೂಲೆಗೆ ಅರಿಶಿನ.

"ಪ್ರಿಂಟ್ ತೆಗೆದು ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿಬಿಟ್ಟೆ ಬಾಬು. ಇನ್ನು ಕಳ್ಳನಿಗೆ ಎಲ್ಲಿ ಸಿಗಬೇಕು?"

ಕಳ್ಳನಿಗಿರಲಿ, ಸರ್ವರ್‌ಗೂ ಸಿಗುವಂತಿರಲಿಲ್ಲ. ಹೊಸ ಕೀಲಿ, ಹೊಸ ಸರ್ಟಿಫಿಕೇಟ್ ಮಾಡಿಕೊಟ್ಟು, ಹಳೆಯ ಕಾಗದ ಹರಿದುಹಾಕಿ ಎಂದೆ.

ಆಕೆ ಗಾಬರಿಯಾದರು. "ಅರಿಶಿನ ಹಚ್ಚಿದ್ದನ್ನು ಯಾರಾದರೂ ಹರಿಯುತ್ತಾರೆಯೇ?"

ಯಜಮಾನರ ಲ್ಯಾಪ್‌ಟಾಪ್

ಪ್ರೊಬೇಷನ್ನಿನ ಕೊನೆಯ ವಾರ. ವಿಜಯವಾಡದ ಒಬ್ಬ ಉಪ್ಪಿನಕಾಯಿ ವ್ಯಾಪಾರಿಯ ಸೈಟಿನ ಉದ್ಘಾಟನೆ. ಸರ್ಟಿಫಿಕೇಟನ್ನು ಅಂದು ಬೆಳಿಗ್ಗೆಯೇ ಹಾಕಿ, ಎರಡು ಸಲ ಪರೀಕ್ಷಿಸಿ, ಇಡ್ಲಿ ತಿಂದು ಕೂತಿದ್ದೆ. ಯಜಮಾನರು ತಮ್ಮ ಮನೆಯ ಲ್ಯಾಪ್‌ಟಾಪ್ ತಂದು ದೊಡ್ಡ ಪರದೆಗೆ ಜೋಡಿಸಿ, ನೂರು ಜನರೆದುರು ಸೈಟು ತೆರೆದರು. ಪರದೆಯ ತುಂಬ ಕೆಂಪು ಎಚ್ಚರಿಕೆ.

ಯಜಮಾನರ ಮುಖ ಅದಕ್ಕಿಂತ ಕೆಂಪಾಯಿತು. ನನ್ನನ್ನು ಹತ್ತಿರ ಕರೆದು, ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದರು: "ನಾಳೆಯಿಂದ ನೀವು ಬರೋದು ಬೇಡಂಡಿ."

ಸೈಟನ್ನು ನನ್ನ ಫೋನಿನಲ್ಲಿ ತೆರೆದೆ. ಅಲ್ಲಿ ಚೊಕ್ಕವಾಗಿತ್ತು. ಹಾಗಾದರೆ ತಪ್ಪು ನನ್ನದಲ್ಲ. ಲ್ಯಾಪ್‌ಟಾಪಿನ ಮೂಲೆ ನೋಡಿದೆ. ತಾರೀಖು ಪೂರಾ ಒಂದು ವರ್ಷ ಹಿಂದಿನದು! ಇವತ್ತು ಹುಟ್ಟಿದ ಸರ್ಟಿಫಿಕೇಟನ್ನು ಹೋದ ವರ್ಷದ ಯಂತ್ರ ಒಪ್ಪುವುದು ಹೇಗೆ?

"ತಾರೀಖು ಯಾಕೆ ಹೀಗಿದೆ ಸರ್?"

ಯಜಮಾನರು ಸುತ್ತ ನೋಡಿ ದನಿ ಇನ್ನೂ ತಗ್ಗಿಸಿದರು. "ಇದರಲ್ಲಿ ನಾನು ಕೇರಂ ಒಂದೇ ಆಡೋದು. ಮೂವತ್ತು ದಿನ ಮಾತ್ರ ಫ್ರೀ. ಮುಗಿದಾಗಲೆಲ್ಲ ತಾರೀಖು ಹಿಂದಕ್ಕೆ ಇಡ್ತೀನಿ."

ನಗು ತಡೆದುಕೊಂಡು ಹೇಳಿದೆ: "ಹಾಗಾದರೆ ಸರ್, ಈ ಲ್ಯಾಪ್‌ಟಾಪ್ ಪ್ರಕಾರ ನಾನಿನ್ನೂ ಕೆಲಸಕ್ಕೇ ಸೇರಿಲ್ಲ. ತೆಗೆದುಹಾಕೋದು ಹೇಗೆ?"

ಅವರು ನನ್ನನ್ನು ನೋಡಿದರು, ಜನರನ್ನು ನೋಡಿದರು, ತಾರೀಖು ಸರಿಮಾಡಿದರು. ಸೈಟು ತೆರೆಯಿತು, ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ನಡುವೆ ನನ್ನ ಕೈ ಕುಲುಕುತ್ತ ಕಿವಿಯಲ್ಲಿ ಹೇಳಿದರು:

"ಇವತ್ತಿನಿಂದ ಪರ್ಮನೆಂಟ್. ಕೇರಂ ವಿಷಯ ಮಾತ್ರ ಯಾರಿಗೂ ಹೇಳೋದು ಬೇಡಂಡಿ."