ಹೆಸರು ಮುಚ್ಚಿಡುವ ಕಷ್ಟ

ನನ್ನಂಥ ಬುದ್ಧಿವಂತನಿಗೆ ಗುಟ್ಟು ಕಾಪಾಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ದಡ್ಡರಿಗೆ ಸುಲಭ, ಅವರಲ್ಲಿ ಹೇಳಿಕೊಳ್ಳಲು ಏನಿರುತ್ತದೆ? ನಾನೋ, ದೇವರಾಜ ಅರಸು ಬಡಾವಣೆಯ ಅರ್ಧಕ್ಕರ್ಧ ಮನೆಗಳ ವೈಫೈ ಸರಿಮಾಡಿಕೊಟ್ಟ ಪಿಯುಸಿ ಹುಡುಗ. ಅರ್ಧಕ್ಕರ್ಧ ಎಂದರೆ ಮೂರು ಮನೆ.

ಈ ಖ್ಯಾತಿ ಕೇಳಿಯೇ ಅಪ್ಪನ ತಂಗಿ ಗಿರಿಜತ್ತೆ ಒಂದು ಭಾನುವಾರ ಹರಿಹರದಿಂದ ಬಂದರು. ಅವರು ಕೆಲಸ ಮಾಡುವ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಶಿಫ್ಟ್ ಶುರುವಾದೊಡನೆ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಾರಂತೆ. "ಬೆಂಕಿ ಬಿದ್ರೆ ಅಷ್ಟೂ ಮಂದಿ ಹೆಂಗೆ ಹೊರಗೆ ಬರೋದು ಹೇಳು? ಪೇಪರ್‌ನೋರಿಗೆ ತಿಳಿಸ್ಬೇಕು. ನನ್ನ ಹೆಸರು ಬಂತೋ, ನಾಳೆನೇ ಕೆಲಸ ಹೋಗ್ತೈತೆ ನೋಡಪ್ಪ."

"ಹತ್ತು ನಿಮಿಷ ಕೂಡ್ರಿ ಅತ್ತೆ" ಎಂದೆ. ಒಂದು ಸುದ್ದಿಸಂಸ್ಥೆ ಹೆಸರಿಲ್ಲದ ಪತ್ರಗಳಿಗೆಂದೇ ನೆಟ್‌ನಲ್ಲಿ ಗುಟ್ಟಿನ ಪೆಟ್ಟಿಗೆ ಇಟ್ಟಿತ್ತು. ಅದನ್ನು ತಲುಪಲು, ಯಾರು ಎಲ್ಲಿಂದ ಬಂದರೆಂಬುದನ್ನು ಮರೆಮಾಡುವ ಬ್ರೌಸರ್ ಬೇಕು. ಹಾಕಿದೆ. ತೆರೆಯಲೇ ಇಲ್ಲ. ನಮಗೆ ನೆಟ್ ಕೊಡುವವರು ಆ ದಾರಿಯನ್ನೇ ಮುಚ್ಚಿದ್ದರು. ಆಗ ನಾನು ಮಾಡಿದ್ದೇನು? ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಪೂರ್ತಿ ಹೆಸರು, ಮನೆ ನಂಬರ್, ಅಡ್ಡರಸ್ತೆ ಎಲ್ಲ ಬರೆಸಿ, "ಗುರುತು ಸಿಗದ ಹಾಗೆ ಹೋಗುವ ಜಾಲ ಬಂದ್ ಆಗಿದೆ, ಬಿಡಿಸಿಕೊಡಿ" ಎಂದು ದೂರು ಕೊಟ್ಟೆ.

ಅರ್ಧ ಗಂಟೆಯಲ್ಲಿ ಲೈನ್‌ಮನ್ ಗೇಟಿನಲ್ಲಿ ಬೈಕ್ ನಿಲ್ಲಿಸಿ ಕೂಗಿದ: "ಯಾರ್ರೀ ಇಲ್ಲಿ ಗುರುತು ಸಿಗದಂಗೆ ನೆಟ್ ನೋಡೋರು?"

ಎದುರು ತಾರಸಿಯಲ್ಲಿ ಸಂಡಿಗೆ ಒಣಗಿಸುತ್ತಿದ್ದವರು ಬಗ್ಗಿ ನೋಡಿದರು. ಅಮ್ಮ ಸೌಟು ಹಿಡಿದೇ ಹೊರಬಂದರು.

"ನಾನಲ್ಲ" ಎಂದೆ.

"ಹೆಸರು ನಿಮ್ದೇ ಐತಲ್ರೀ! ಅದು ಮ್ಯಾಲಿನೋರು ಬಂದ್ ಮಾಡಿದ್ದು, ನಮ್ ಕೈಯಾಗಿಲ್ಲ. ಸುಮ್ನೆ ಸಿನಿಮಾ ನೋಡ್ರಿ."

ಅತ್ತೆ ಚೀಲ ಎತ್ತಿಕೊಂಡರು. "ಬ್ಯಾಡ ಬಿಡಪ್ಪ. ಓಣಿಗೆಲ್ಲ ಗೊತ್ತಾತು." ಅವರ ಮುಖ ನೋಡಿ ಮೊದಲ ಸಲ ನನ್ನ ಜಂಬ ಬಾಯಿ ಮುಚ್ಚಿತು. ಅವರನ್ನು ಕಾಡಿಬೇಡಿ ಕೂರಿಸಿ, ಮೊದಲೇ ಓದಬೇಕಿದ್ದ ಸಹಾಯದ ಪುಟವನ್ನು ಓದಿದೆ. ನೆಟ್‌ನವರು ಮುಚ್ಚಿದ ದಾರಿಗಳ ಪಟ್ಟಿಯಲ್ಲಿಲ್ಲದ ಅಡ್ಡದಾರಿಯೊಂದನ್ನು ಕೇಳಿ ಪಡೆಯುವ ಗುಂಡಿ ಅದೇ ಬ್ರೌಸರಿನ ಸೆಟ್ಟಿಂಗ್‌ನಲ್ಲಿತ್ತು. ಒತ್ತಿದೆ, ತೆರೆಯಿತು. ದಾರಿ ಮುಚ್ಚಿದವರು ನಮ್ಮ ಕ್ಷೇಮಕ್ಕೇ ಮುಚ್ಚಿದ್ದಿರಬಹುದು. ಕಾರ್ಖಾನೆಯವರೂ ಕಳ್ಳತನ ತಡೆಯಲೆಂದೇ ಬೀಗ ಹಾಕಿದ್ದಂತೆ. ಒಳಗೆ ಸಿಕ್ಕಿಕೊಂಡವರನ್ನು ಮಾತ್ರ ಇಬ್ಬರೂ ಕೇಳಿರಲಿಲ್ಲ.

ಅತ್ತೆ ಹೇಳಿದರು, ನಾನು ಟೈಪ್ ಮಾಡಿದೆ. ಕಳಿಸುವ ಮುನ್ನ ಅವರು ಪರದೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತ ಕೊನೆಗೆ ಬಂದು ನಿಂತರು. "ಇದೇನೋ ಇದು?"

'ಇಂತಿ ತಮ್ಮ ವಿಧೇಯ ವಿದ್ಯಾರ್ಥಿ' ಎಂದಿತ್ತು. ಅದರ ಕೆಳಗೆ ನನ್ನ ಹೆಸರು, ತರಗತಿ, ರೋಲ್ ನಂಬರ್. ಹತ್ತು ವರ್ಷ ರಜಾ ಅರ್ಜಿ ಬರೆದ ಬೆರಳುಗಳು ತಾವಾಗಿಯೇ ಮುಗಿಸಿಬಿಟ್ಟಿದ್ದವು.

"ನಿನ್ನ ಹೆಸರು ಸಿಕ್ಕರೆ ನಿಮ್ಮತ್ತೆ ಯಾರು ಅಂತ ಹುಡುಕೋದು ಎಷ್ಟೊತ್ತೋ? ಎಷ್ಟು ದಿನ ರಜೆ ಬೇಕು ಅಂತನೂ ಬರಿ!"

ಅಳಿಸಿ ಕಳಿಸಿದೆವು. ಸುದ್ದಿ ಬಂತು, ಬೀಗ ಹೋಯಿತು, ಅತ್ತೆಯ ಹೆಸರು ಎಲ್ಲೂ ಬರಲಿಲ್ಲ. ಈಗವರು ಬೇರೆ ಕಡೆ ಕೆಲಸಕ್ಕೆ ಸೇರಿ, ಬರೆದುಕೋ ಎಂದಮೇಲೆ ಇಷ್ಟು ಬರೆದಿದ್ದೇನೆ. ನನ್ನ ಆ ಮಹಾಸಾಹಸಕ್ಕೆ ಇರುವ ಏಕೈಕ ಸಾಕ್ಷಿ ಅವರು. ಮೊನ್ನೆ ನೆಂಟರೆದುರು ನನ್ನ ಬೆನ್ನು ತಟ್ಟಿ ಹೊಗಳಿದರು ಕೂಡ: "ನಮ್ ಹುಡುಗ ಟೈಪಿಂಗ್ ಚಲೋ ಮಾಡ್ತಾನೆ."